ಗಳಿಗೆ ಬಟ್ಟಲಿನಿಂದ ಟೈಮರಿನವರೆಗೆ

ಮದುವೆಯ ಮನೆಯಲ್ಲಿ ಗಳಿಗೆ ಬಟ್ಟಲನ್ನಿಟ್ಟು ಮುಹೂರ್ತವನ್ನು ಕಾಯುತ್ತಿದ್ದ ಕಾಲವೊಂದಿತ್ತು. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ತಳದಲ್ಲಿ ಸಣ್ಣ ರಂಧ್ರವಿರುವ ತೆಳುವಾದ ತಾಮ್ರದ ಬಟ್ಟಲನ್ನು ಅದರ ಮೇಲೆ ತೇಲಬಿಡುತ್ತಿದ್ದರು. ನೀರು ಮೆಲ್ಲಮೆಲ್ಲನೆ ಒಳಕ್ಕೇರಿ ಬಟ್ಟಲು ಮುಳುಗಿತೆಂದರೆ ಒಂದು ಗಳಿಗೆ ಆಯಿತೆಂದು ಲೆಕ್ಕ. ಈಗಿನ ಎಣಿಕೆಯಲ್ಲಿ ಅದು 24 ನಿಮಿಷ. ಅಂಥ 60 ಗಳಿಗೆಗಳಿಗೆ ಒಂದು ದಿನ. ಬಟ್ಟಲಿನ ಪಕ್ಕದಲ್ಲಿ ಒಬ್ಬರು ಕಣ್ಣು ತೆಗೆಯದೆ ಕುಳಿತಿರಬೇಕು. ಮುಳುಗಿದೊಡನೆ ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಬಿಡಬೇಕು. ಎಷ್ಟು ಸಲ ಮುಳುಗಿತೆಂಬುದನ್ನು ನೆನಪಿನಲ್ಲಿಡಬೇಕು. ನಮ್ಮ ‘ಗಳಿಗೆ’ ಎಂಬ ಮಾತು ಸಂಸ್ಕೃತದ ‘ಘಟಿಕಾ’ ಶಬ್ದದ ತದ್ಭವ. ಮರಾಠಿಗರ ‘ಘಟಕಾ’ ಕೂಡ ಅದೇ ಬಳ್ಳಿಯ ಕಾಯಿ. ಪುಣೆಯಲ್ಲಿ ನೆಲಸಿರುವ ನಮಗೆ ಮನೆಯ ಮಾತೂ ಬೀದಿಯ ಮಾತೂ ಒಂದೇ ಬಟ್ಟಲಿನಿಂದ ಕಾಲವನ್ನು ಅಳೆದವು ಎನ್ನಬಹುದು.

ರಾಜ್ಯೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ಈ ಬಟ್ಟಲೇ ನನ್ನ ನೆನಪಿಗೆ ಬಂದಿತು. ನಾನು ಸಾಹಿತಿಯಲ್ಲ, ಮೂವತ್ತು ವರ್ಷಕ್ಕೂ ಮಿಕ್ಕಿ ಈ ಊರಿನ ಸುತ್ತಮುತ್ತಣ ಕಾರಖಾನೆಗಳಲ್ಲಿ ವಿದ್ಯುತ್ ಪ್ಯಾನೆಲುಗಳ ಮುಂದೆ ನಿಂತು ಆಯುಷ್ಯ ಕಳೆದವನು. ನಮ್ಮ ಪಂಪ, ರನ್ನರನ್ನು ಕುರಿತು ಬರೆಯಬಲ್ಲವರು ಈ ಸಂಚಿಕೆಯಲ್ಲಿ ಬೇಕಾದಷ್ಟು ಜನರಿದ್ದಾರೆ. ಕಾರಖಾನೆಯ ಯಂತ್ರವು ಕಾಯುವುದನ್ನು ಹೇಗೆ ಕಲಿತಿತೆಂಬ ಕಥೆಯನ್ನು ಮಾತ್ರ ನಾನು ಹೇಳಬಲ್ಲೆ. ಅದು ಸಣ್ಣ ಕಥೆಯಂತೆ ಕಂಡರೂ ಅದರೊಳಗೆ ಮನುಷ್ಯರ ಪ್ರಾಣಕ್ಕೆ ಸಂಬಂಧಪಟ್ಟ ಮಾತೊಂದಿದೆ. ಓದುಗರು ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಮೊದಲು ಆ ಬಟ್ಟಲನ್ನೇ ಸರಿಯಾಗಿ ನೋಡೋಣ. ಅದರಲ್ಲಿ ನಾಲ್ಕು ಸಂಗತಿಗಳಿವೆ. ನೀರಿನ ಮೇಲೆ ಇಟ್ಟ ಕ್ಷಣದಲ್ಲಿ ಎಣಿಕೆ ಮೊದಲಾಗುತ್ತದೆ. ಎಷ್ಟು ಹೊತ್ತು ಎಂಬುದು ರಂಧ್ರದ ಗಾತ್ರದಲ್ಲಿಯೇ ನಿಶ್ಚಯವಾಗಿದೆ. ಒಳಗೆ ಎಷ್ಟು ನೀರು ಬಂದಿದೆಯೆಂದು ನೋಡಿದರೆ ಎಷ್ಟು ಕಾಲ ಕಳೆಯಿತೆಂದು ತಿಳಿಯುತ್ತದೆ. ಮುಳುಗಿದರೆ ಕಾಲ ತುಂಬಿತೆಂಬ ಸಂಕೇತ. ಇಂದಿನ ಕಾರಖಾನೆಯಲ್ಲಿ ಪಿ.ಎಲ್.ಸಿ. ಎಂದು ಎಲ್ಲರೂ ಕರೆಯುವ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರಿನ ಒಳಗಿರತಕ್ಕ ಟೈಮರಿನಲ್ಲಿಯೂ ಇರುವುದು ಈ ನಾಲ್ಕೇ: ಆರಂಭ, ಗೊತ್ತುಮಾಡಿದ ಕಾಲ, ಕಳೆದ ಕಾಲ, ಮುಗಿಯಿತೆಂಬ ಸೂಚನೆ. ಸಾವಿರ ವರ್ಷ ಕಳೆದರೂ ಐದನೆಯದೊಂದನ್ನು ಸೇರಿಸುವ ಅಗತ್ಯ ಬೀಳಲಿಲ್ಲ.

ಯಂತ್ರವನ್ನು ತಾನೇ ತಾನಾಗಿ ನಡೆಯುವಂತೆ ಮಾಡಲು ಎರಡು ದಾರಿಗಳಿವೆ. ಒಂದನೆಯದು, ಕೆಲಸವನ್ನೇ ಕೇಳುವುದು. ಇದಕ್ಕೆ ದೃಷ್ಟಾಂತ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಈ ಪುಣೆಯ ವಿಜ್ಞಾನ ಕಾಲೇಜಿನಲ್ಲಿಯೇ ಓದಿ, ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದವರು. ಅವರು ಯೋಜಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಇಲ್ಲಿಗೆ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ಮೊದಲು ಅಳವಡಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಬಾಗಿಲು ತಾನಾಗಿ ತೆರೆಯುವುದು. ಇಳಿದರೆ ತಾನಾಗಿ ಮುಚ್ಚುವುದು. ಅಲ್ಲಿ ಗಡಿಯಾರದ ಸಂಬಂಧವೇ ಇಲ್ಲ. ಬಾಗಿಲು ಕೇಳುವುದು ನೀರನ್ನೇ. ನೀರೇ ಉತ್ತರ ಹೇಳುತ್ತದೆ.

ಎರಡನೆಯ ದಾರಿ, ಕಾಲವನ್ನು ಕೇಳುವುದು. ಅನ್ನ ಬೆಂದಿತೇ ಎಂದು ತಿಳಿಯಲು ನಮ್ಮ ತಾಯಂದಿರು ಒಂದು ಅಗುಳನ್ನು ಹಿಸುಕಿ ನೋಡುತ್ತಿದ್ದರು. ಅದು ಮೊದಲನೆಯ ದಾರಿ. ಪ್ರೆಶರ್ ಕುಕ್ಕರು ಬಂದ ಮೇಲೆ ಮುಚ್ಚಳ ತೆಗೆಯುವಂತಿಲ್ಲ. ಒಳಗಿನ ಅಗುಳು ಕೈಗೆ ಸಿಗುವುದಿಲ್ಲ. ಆದ್ದರಿಂದ ಸಣ್ಣ ಉರಿಯಲ್ಲಿ ಇಷ್ಟು ನಿಮಿಷ ಇಟ್ಟರೆ ಬೆಂದಿರಲೇಬೇಕೆಂದು ನಂಬಿ ಇಳಿಸುತ್ತೇವೆ. ಅಕ್ಕಿ ಹಳೆಯದಾದರೆ, ನೀರು ಹೆಚ್ಚುಕಡಿಮೆಯಾದರೆ ಆ ನಂಬಿಕೆ ಸುಳ್ಳಾಗುವುದೂ ಉಂಟು. ಕಣ್ಣಿಗೆ ಕಾಣದ ಕಡೆ, ಕೈ ಹೋಗದ ಕಡೆ ಮನುಷ್ಯನು ಕಾಲವನ್ನು ಸಾಕ್ಷಿಗೆ ಕರೆಯುತ್ತಾನೆ. ಟೈಮರೆಂಬುದರ ಹುಟ್ಟು ಇಲ್ಲಿದೆ; ಅದರ ಅಪಾಯವೂ ಇಲ್ಲಿದೆ. ಇಷ್ಟು ಕಾಲ ಕಳೆಯಿತೆಂಬುದನ್ನಷ್ಟೇ ಟೈಮರು ಹೇಳಬಲ್ಲುದು. ಕೆಲಸ ಆಯಿತೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು.

ಕಾರಖಾನೆಗೆ ಈ ಟೈಮರು ಬಂದದ್ದು ರಿಲೇಯ ಬೆನ್ನ ಹಿಂದೆ. ಸುರುಳಿಗೆ ಸ್ವಲ್ಪ ವಿದ್ಯುತ್ತು ಕೊಟ್ಟರೆ ಅದು ಅಯಸ್ಕಾಂತವಾಗಿ ಒಂದು ತುಂಡು ಕಬ್ಬಿಣವನ್ನು ಸೆಳೆದು ಇನ್ನೊಂದು ಕಡೆಯ ತಂತಿಗಳನ್ನು ಕೂಡಿಸುವುದೇ ರಿಲೇ. ಅಮೆರಿಕದ ಜೋಸೆಫ್ ಹೆನ್ರಿಯು 1835ರ ಸುಮಾರಿಗೆ ಮಾಡಿ ತೋರಿಸಿದ ಈ ಉಪಾಯ ಮೊದಲು ತಂತಿ ಸುದ್ದಿಗೆ, ಆಮೇಲೆ ಟೆಲಿಫೋನಿಗೆ, ಕೊನೆಗೆ ಕಾರಖಾನೆಗೆ ಬಂದಿತು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಒಂದು ದೊಡ್ಡ ಯಂತ್ರಕ್ಕೆ ನೂರಾರು ರಿಲೇಗಳು ಬೇಕಾಗುತ್ತಿದ್ದವು. ಗೋಡೆಯುದ್ದದ ಕಪಾಟುಗಳಲ್ಲಿ ಅವು ಸಾಲಾಗಿ ಕುಳಿತು ದಿನವಿಡೀ ಟಕಟಕನೆ ಸದ್ದು ಮಾಡುತ್ತಿದ್ದವು. ಹಳೆಯ ಇಲೆಕ್ಟ್ರಿಶಿಯನ್ನರು ಆ ಸದ್ದಿನ ಏರಿಳಿತ ಕೇಳಿಯೇ ಯಾವ ಕಡೆ ಕೆಟ್ಟಿದೆಯೆಂದು ಹೇಳಬಲ್ಲವರಾಗಿದ್ದರು.

ಈ ರಿಲೇಗಳ ನಡುವೆ ಕಾಯತಕ್ಕ ರಿಲೇಗಳೂ ಬೇಕಾದವು. ಅವುಗಳನ್ನು ಮೂರು ಬಗೆಯಲ್ಲಿ ಮಾಡಿದರು. ಎರಡು ಲೋಹಗಳನ್ನು ಬೆಸೆದ ಪಟ್ಟಿಯನ್ನು ಕಾಯಿಸಿ ಅದು ಬಾಗುವವರೆಗೆ ಕಾಯುವುದು ಒಂದು ಬಗೆ. ಬೇಸಗೆಯಲ್ಲಿ ಅದು ಬೇಗ ಬಾಗುವುದು, ಚಳಿಯಲ್ಲಿ ತಡವಾಗಿ. ಎರಡನೆಯದು ಗಾಳಿಯ ಟೈಮರು. ರಬ್ಬರಿನ ಚೀಲದಂಥ ಕೋಣೆಯೊಳಗೆ ಸಣ್ಣ ರಂಧ್ರದ ಮೂಲಕ ಗಾಳಿ ನುಸುಳಿ ತುಂಬುವವರೆಗೆ ಕಾಯುವುದು. ರಂಧ್ರವನ್ನು ಒಂದು ತಿರುಪಿನಿಂದ ಸಣ್ಣದು ದೊಡ್ಡದು ಮಾಡಬಹುದು. ಓದುಗರು ಗಮನಿಸಿರಬಹುದು: ಗಳಿಗೆ ಬಟ್ಟಲಿನ ರಂಧ್ರವೇ ಇಲ್ಲಿ ಮತ್ತೆ ಬಂದಿದೆ, ನೀರಿನ ಬದಲು ಗಾಳಿ, ಅಷ್ಟೇ. ಆ ರಂಧ್ರದಲ್ಲಿ ಧೂಳು ಕುಳಿತರೆ ಕಾಲ ಉದ್ದವಾಗುವುದು. ಈ ಮಾತನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುವುದು.

ಮೂರನೆಯ ಬಗೆ ಸಣ್ಣ ಮೋಟಾರಿನದು. ವಿದ್ಯುತ್ ಸರಬರಾಜಿನ ಆವರ್ತನಕ್ಕೆ ಹೆಜ್ಜೆ ಹಾಕಿ ತಿರುಗುವ ಮೋಟಾರಿನಿಂದ ಗಡಿಯಾರವನ್ನೇ ನಡೆಸಬಹುದೆಂದು ಅಮೆರಿಕದ ಹೆನ್ರಿ ವಾರೆನ್ ತೋರಿಸಿದ. 1916ರಲ್ಲಿ ಬಾಸ್ಟನ್ ನಗರದ ವಿದ್ಯುತ್ ಕಂಪನಿಯು ತನ್ನ ಆವರ್ತನವನ್ನು ಅವನ ಗಡಿಯಾರದ ಸಹಾಯದಿಂದ ಸರಿಯಾಗಿ ಕಾಯ್ದುಕೊಳ್ಳತೊಡಗಿತು. ಅಂಥ ಮೋಟಾರಿಗೆ ಉಬ್ಬುತಗ್ಗಿನ ಚಕ್ರಗಳನ್ನು ಜೋಡಿಸಿ ಒಂದೊಂದು ಉಬ್ಬು ಒಂದೊಂದು ಸ್ವಿಚ್ಚನ್ನು ಒತ್ತುವಂತೆ ಮಾಡಿದರೆ ಟೈಮರು ಸಿದ್ಧ. ಆದರೆ ಅದು ಆವರ್ತನದ ಗುಲಾಮ. ನಮ್ಮಲ್ಲಿ 50 ಇರಬೇಕಾದ ಆವರ್ತನ 48.5ಕ್ಕೆ ಇಳಿದರೆ, ಅದು 60 ಸೆಕೆಂಡೆಂದು ಎಣಿಸುವುದು ನಿಜವಾಗಿ ಸುಮಾರು 61.9 ಸೆಕೆಂಡಾಗುತ್ತದೆ.

ಇಂಥ ಟೈಮರಿನ ಕೆಲಸವನ್ನು ನೋಡಬೇಕಾದರೆ ದೊಡ್ಡ ಮೋಟಾರಿನ ಸ್ಟಾರ್–ಡೆಲ್ಟಾ ಸ್ಟಾರ್ಟರನ್ನು ನೋಡಬೇಕು. ನಿಂತ ಮೋಟಾರಿಗೆ ಒಮ್ಮೆಗೇ ಪೂರ್ತಿ ವೋಲ್ಟೇಜು ಕೊಟ್ಟರೆ ಅದು ತನ್ನ ಸಹಜ ಕರೆಂಟಿನ ಐದಾರು ಪಟ್ಟು ಸೆಳೆಯುತ್ತದೆ. ಆದ್ದರಿಂದ ಮೊದಲು ಸುರುಳಿಗಳನ್ನು ಸ್ಟಾರಿನಲ್ಲಿ ಜೋಡಿಸುತ್ತಾರೆ. ಆಗ 415 ವೋಲ್ಟಿನ ಲೈನಿನಲ್ಲಿ ಪ್ರತಿ ಸುರುಳಿಗೆ ಸುಮಾರು 240 ವೋಲ್ಟು ಮಾತ್ರ ಬೀಳುತ್ತದೆ. ಲೈನಿನ ಕರೆಂಟು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೋಟಾರು ವೇಗ ಹಿಡಿದ ಮೇಲೆ ಡೆಲ್ಟಾಕ್ಕೆ ಬದಲಾಯಿಸಬೇಕು. ವೇಗ ಹಿಡಿಯಿತೇ ಎಂದು ಮೋಟಾರನ್ನು ಯಾರೂ ಕೇಳುವುದಿಲ್ಲ. ಎಂಟು ಹತ್ತು ಸೆಕೆಂಡು ಕಳೆಯಿತೇ ಎಂದು ಟೈಮರನ್ನು ಕೇಳುತ್ತಾರೆ. ಪಟ್ಟಾ ಬಿಗಿಯಾಗಿದ್ದರೆ, ಭಾರ ಹೆಚ್ಚಿದ್ದರೆ, ಆ ಹೊತ್ತಿಗೆ ಮೋಟಾರು ಅರ್ಧ ವೇಗದಲ್ಲಿಯೇ ಇರಬಹುದು. ಟೈಮರಿಗೆ ಅದರ ಪರಿವೆಯಿಲ್ಲ.

ಹೀಗೆ ರಿಲೇಗಳ ರಾಜ್ಯ ನಡೆಯುತ್ತಿರಲು, ಅದಕ್ಕೆ ಕುತ್ತು ಬಂದದ್ದು ಅಮೆರಿಕದ ಮೋಟಾರು ಕಾರಖಾನೆಯಿಂದ. ಜನರಲ್ ಮೋಟರ್ಸಿನ ಹೈಡ್ರಮ್ಯಾಟಿಕ್ ವಿಭಾಗವು ಕಾರುಗಳ ಸ್ವಯಂಚಾಲಿತ ಗೇರು ಪೆಟ್ಟಿಗೆಗಳನ್ನು ತಯಾರಿಸುತ್ತಿತ್ತು. ಕಾರಿನ ಮಾದರಿ ಬದಲಾದಾಗಲೆಲ್ಲ ರಿಲೇ ಕಪಾಟುಗಳ ತಂತಿಗಳನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕಾಗುತ್ತಿತ್ತು. ಎಷ್ಟೋ ವೇಳೆ ಇಡೀ ಕಪಾಟನ್ನೇ ಬಿಸಾಡುವುದು ಅಗ್ಗವಾಗುತ್ತಿತ್ತು. ಅಲ್ಲಿಯ ಇಂಜಿನಿಯರ್ ಎಡ್ವರ್ಡ್ ಕ್ಲಾರ್ಕ್ ಬರೆದ ಟಿಪ್ಪಣಿಯ ಆಧಾರದ ಮೇಲೆ 1968ರಲ್ಲಿ ಆ ವಿಭಾಗವು, ತಂತಿ ಬಿಚ್ಚದೆಯೇ ಬುದ್ಧಿ ಬದಲಾಯಿಸಬಲ್ಲ ಇಲೆಕ್ಟ್ರಾನಿಕ್ ಸಾಧನ ಬೇಕೆಂದು ಕಂಪನಿಗಳನ್ನು ಕೇಳಿತು.

ಮ್ಯಾಸಚೂಸೆಟ್ಸಿನ ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಸಣ್ಣ ಸಂಸ್ಥೆ ಆ ಕೆಲಸವನ್ನು ಪಡೆಯಿತು. ಅದರ ಡಿಕ್ ಮಾರ್ಲಿ 1968ರ ಜನವರಿ 1ರಂದೇ ಅಂಥದೊಂದು ಯಂತ್ರದ ಕರಡನ್ನು ಬರೆದಿಟ್ಟಿದ್ದ. ಅವನೂ ಅವನ ಜೊತೆಗಾರರೂ ಕಟ್ಟಿದ ಯಂತ್ರ 1969ರಲ್ಲಿ ಸಿದ್ಧವಾಯಿತು. ಅದು ಸಂಸ್ಥೆಯ 84ನೆಯ ಕಾರ್ಯವಾದ್ದರಿಂದ ಅದಕ್ಕೆ 084 ಎಂದೇ ಹೆಸರು. ಅದನ್ನು ಮಾರಲು ಹುಟ್ಟಿದ ಕಂಪನಿಗೆ ಮಾಡಿಕಾನ್ ಎಂದು ಹೆಸರಿಟ್ಟರು. ಅಂಥ ಒಂದು 084 ಜನರಲ್ ಮೋಟರ್ಸಿನಲ್ಲಿ ಸುಮಾರು ಇಪ್ಪತ್ತು ವರ್ಷ ಸತತವಾಗಿ ದುಡಿದು, ನಿವೃತ್ತಿಯಾದ ಮೇಲೆ ಹುಟ್ಟಿದ ಮನೆಗೇ ಮರಳಿ ಬಂದಿತು. ಮುಂದೆ 1973ರಲ್ಲಿ ಮೈಕಲ್ ಗ್ರೀನ್‌ಬರ್ಗ್ ರೂಪಿಸಿದ 184 ಎಂಬ ಮಾದರಿ ಮಾರುಕಟ್ಟೆಯಲ್ಲಿ ಚೆನ್ನಾಗಿ ನೆಲೆಯೂರಿತು. ಪಿ.ಎಲ್.ಸಿ. ಎಂಬ ಹೆಸರನ್ನು ಬಳಕೆಗೆ ತಂದ ಕೀರ್ತಿ ಅಲೆನ್–ಬ್ರಾಡ್ಲಿ ಕಂಪನಿಯ ಇಂಜಿನಿಯರ್, ಆಸ್ಟ್ರಿಯಾದಲ್ಲಿ ಹುಟ್ಟಿದ ಓಡೋ ಸ್ಟ್ರೂಗರನಿಗೆ ಸಲ್ಲುತ್ತದೆ. ಮಾರ್ಲಿ 2017ರಲ್ಲಿ ತೀರಿಕೊಂಡ.

ಇಲ್ಲಿ ಅವರು ತೋರಿದ ವಿವೇಕವೊಂದನ್ನು ಹೇಳಲೇಬೇಕು. ಹೊಸ ಯಂತ್ರ ಒಳಗೆ ಕಂಪ್ಯೂಟರೇ ಆದರೂ, ಅದಕ್ಕೆ ಆಜ್ಞೆ ಬರೆಯುವ ಭಾಷೆಯನ್ನು ಇಲೆಕ್ಟ್ರಿಶಿಯನ್ನನ ಹಳೆಯ ನಕ್ಷೆಯಂತೆಯೇ ಇಟ್ಟರು. ಎರಡು ಉದ್ದನೆಯ ಗೆರೆ, ನಡುವೆ ಅಡ್ಡಪಟ್ಟಿಗಳು: ನೋಡಲು ಏಣಿಯಂತೆ. ಆದ್ದರಿಂದಲೇ ಅದಕ್ಕೆ ಲ್ಯಾಡರ್ ಎಂದು ಹೆಸರು. ಒಂದೊಂದು ಮೆಟ್ಟಿಲೂ ಒಂದೊಂದು ವಾಕ್ಯ. “ಈ ಗುಂಡಿ ಒತ್ತಿದ್ದರೆ, ಆ ಬಾಗಿಲು ಮುಚ್ಚಿದ್ದರೆ, ಈ ಮೋಟಾರು ತಿರುಗಲಿ” ಎಂಬಷ್ಟು ಸರಳ. ಐ.ಟಿ.ಐ. ಓದಿದ ಹುಡುಗನಿಗೂ ಅದು ಕಣ್ಣಿಗೆ ಹತ್ತುವುದು.

ಇಂಥ ಯಂತ್ರದೊಳಗೆ ಟೈಮರು ಏನಾಯಿತು? ರಬ್ಬರಿನ ಚೀಲವಿಲ್ಲ, ಬಾಗುವ ಲೋಹವಿಲ್ಲ, ತಿರುಗುವ ಚಕ್ರವಿಲ್ಲ. ಉಳಿದದ್ದು ಒಂದು ಸಂಖ್ಯೆ. ಪಿ.ಎಲ್.ಸಿ.ಯು ಊರಿನ ಗಸ್ತಿನವನಂತೆ ಒಂದೇ ಸುತ್ತನ್ನು ಎಡೆಬಿಡದೆ ಸುತ್ತುತ್ತಿರುತ್ತದೆ. ಮೊದಲು ಗುಂಡಿಗಳು ಹೇಗಿವೆ, ಸ್ವಿಚ್ಚುಗಳು ಹೇಗಿವೆಯೆಂದು ನೋಡಿಕೊಳ್ಳುತ್ತದೆ. ಆಮೇಲೆ ಏಣಿಯ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಕೊನೆಗೆ ಮೋಟಾರು, ದೀಪಗಳಿಗೆ ಆಜ್ಞೆ ಕೊಡುತ್ತದೆ. ಮತ್ತೆ ಮೊದಲಿಗೆ ಬರುತ್ತದೆ. ಈ ಒಂದು ಸುತ್ತಿಗೆ ಸ್ಕ್ಯಾನ್ ಎನ್ನುತ್ತಾರೆ. ಅದಕ್ಕೆ ಬೇಕಾಗುವುದು ಕೆಲವು ಮಿಲಿಸೆಕೆಂಡು. ಟೈಮರಿನ ಮೆಟ್ಟಿಲಿಗೆ ಬಂದಾಗ, ಹಿಂದಿನ ಸಲದಿಂದೀಚೆಗೆ ಎಷ್ಟು ಕಾಲವಾಯಿತೋ ಅಷ್ಟನ್ನು ಕಳೆದ ಕಾಲಕ್ಕೆ ಕೂಡಿಸುತ್ತದೆ. ಮೊತ್ತವು ಗೊತ್ತುಮಾಡಿದ ಕಾಲವನ್ನು ಮುಟ್ಟಿದರೆ, ಮುಗಿಯಿತೆಂಬ ಗುರುತು ಹಾಕುತ್ತದೆ. ಬಟ್ಟಲಿನ ಪಕ್ಕದಲ್ಲಿ ಕುಳಿತು ಎಣಿಸುತ್ತಿದ್ದವನ ಕೆಲಸವೂ ಇದೇ.

ಟೈಮರುಗಳಲ್ಲಿ ಮುಖ್ಯವಾಗಿ ನಾಲ್ಕು ಜಾತಿ. ಕರೆ ಬಂದ ಮೇಲೆ ಕಾದು ಆಮೇಲೆ ಎದ್ದೇಳುವುದು ಆನ್–ಡಿಲೇ. ಕರೆ ನಿಂತ ಮೇಲೂ ಸ್ವಲ್ಪ ಹೊತ್ತು ಉಳಿದು ಆಮೇಲೆ ಮಲಗುವುದು ಆಫ್–ಡಿಲೇ; ಮೆಟ್ಟಿಲ ಸಾಲಿನ ದೀಪ ನಾವು ಮೇಲೆ ಹತ್ತಿದ ಮೇಲೆ ತಾನೇ ಆರುವುದು ಇದರಿಂದ. ಕರೆ ಎಷ್ಟೇ ಉದ್ದವಿರಲಿ, ಗಿಡ್ಡವಿರಲಿ, ಗೊತ್ತಾದ ಹೊತ್ತು ಮಾತ್ರ ಕೆಲಸ ಮಾಡುವುದು ಪಲ್ಸ್. ನಾಲ್ಕನೆಯದು ನೆನಪಿಡುವ ಟೈಮರು. ಕರೆ ನಡುವೆ ತಪ್ಪಿದರೆ ಆನ್–ಡಿಲೇಯು ಸೊನ್ನೆಗೆ ಮರಳಿದರೆ, ಇದು ನಿಂತಲ್ಲಿಯೇ ನಿಂತು, ಕರೆ ಬಂದಾಗ ಅಲ್ಲಿಂದಲೇ ಮುಂದುವರಿಸುವುದು. ಒಂದು ಪಂಪು ಒಟ್ಟು ಎಷ್ಟು ತಾಸು ಓಡಿತೆಂದು ತಿಳಿಯಲು ಇದು ಬೇಕು. ಇದನ್ನು ಸೊನ್ನೆಗೆ ತರಬೇಕಾದರೆ ಬೇರೆ ಮೆಟ್ಟಿಲಿನಲ್ಲಿ ಆಜ್ಞೆ ಬರೆಯಬೇಕು. ಅದನ್ನು ಬರೆಯಲು ಮರೆತು ರಾತ್ರಿ ಪಾಳಿಯವರಿಂದ ಬೈಸಿಕೊಂಡವರಲ್ಲಿ ನಾನೂ ಒಬ್ಬ.

ಒಂದು ಉದಾಹರಣೆಯನ್ನು ಬರೆದು ನೋಡೋಣ. ಉದ್ದವಾದ ಕನ್ವೇಯರು ಹೊರಡುವ ಮುನ್ನ 5 ಸೆಕೆಂಡು ಭೋಂಗಾ ಕೂಗಿ ಜನರನ್ನು ಎಚ್ಚರಿಸಬೇಕು. ಮೊದಲ ಮೆಟ್ಟಿಲು: ಸ್ಟಾರ್ಟ್ ಗುಂಡಿ ಒತ್ತಿದರೆ, ಸ್ಟಾಪ್ ಗುಂಡಿ ಒತ್ತಿಲ್ಲದಿದ್ದರೆ, ‘ಹೊರಡುವ ಅಪ್ಪಣೆ’ ನಿಲ್ಲಲಿ; ಗುಂಡಿಯಿಂದ ಬೆರಳು ತೆಗೆದರೂ ಆ ಅಪ್ಪಣೆ ತನ್ನನ್ನು ತಾನೇ ಹಿಡಿದುಕೊಂಡಿರಲಿ. ಎರಡನೆಯ ಮೆಟ್ಟಿಲು: ಅಪ್ಪಣೆ ಇರುವವರೆಗೆ ಆನ್–ಡಿಲೇ ಟೈಮರು ಎಣಿಸಲಿ, ಗೊತ್ತುಮಾಡಿದ ಕಾಲ 5 ಸೆಕೆಂಡು. ಮೂರನೆಯದು: ಅಪ್ಪಣೆ ಇದ್ದು ಟೈಮರು ಮುಗಿದಿಲ್ಲದಿದ್ದರೆ ಭೋಂಗಾ ಕೂಗಲಿ. ನಾಲ್ಕನೆಯದು: ಅಪ್ಪಣೆ ಇದ್ದು ಟೈಮರು ಮುಗಿದಿದ್ದರೆ ಕನ್ವೇಯರು ಓಡಲಿ. ನಾಲ್ಕು ಮೆಟ್ಟಿಲಿನಲ್ಲಿ ಕೆಲಸವಾಯಿತು. ಆದರೆ 5 ಸೆಕೆಂಡೇ ಏಕೆ? ಕನ್ವೇಯರಿನ ಕೆಳಗೆ ಬಗ್ಗಿ ಕೆಲಸ ಮಾಡುತ್ತಿರುವವನು ಎದ್ದು ಹೊರಗೆ ಬರಲು ಎಷ್ಟು ಹೊತ್ತು ಬೇಕೆಂದು ಯಾರಾದರೂ ಬಗ್ಗಿ ಎದ್ದು ನೋಡಿದ್ದಾರೆಯೇ? ಏಣಿ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಬರೆಯುವವನೇ ಕೇಳಿಕೊಳ್ಳಬೇಕು.

ಸಂಖ್ಯೆಯ ಬಟ್ಟಲಿಗೂ ಒಂದು ಗಾತ್ರವುಂಟು. ಹದಿನಾರು ಅಂಕಣಗಳ ಸ್ಮೃತಿಯಲ್ಲಿ ಹಿಡಿಸುವ ಅತಿ ದೊಡ್ಡ ಧನಸಂಖ್ಯೆ 32,767. ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಎಣಿಸಿದರೆ ಅದು 327.67 ಸೆಕೆಂಡಿಗೆ, ಎಂದರೆ ಐದೂವರೆ ನಿಮಿಷದೊಳಗೇ ತುಂಬಿಹೋಗುವುದು. ಸೀಮೆನ್ಸ್ ಕಂಪನಿಯ ಹಳೆಯ ರೀತಿಯ ಟೈಮರಿನಲ್ಲಿ 999ರವರೆಗಿನ ಸಂಖ್ಯೆಯನ್ನೂ ಅಳತೆಯ ಮಾನವೊಂದನ್ನೂ ಬರೆಯಬೇಕಿತ್ತು. ಅತಿ ದೊಡ್ಡ ಮಾನ 10 ಸೆಕೆಂಡಾದ್ದರಿಂದ 9,990 ಸೆಕೆಂಡಿನ ಮೇಲೆ ಅದು ಕಾಯಲಾರದು. ಹೀಗೆ ಒಂದೊಂದು ಕಂಪನಿಗೆ ಒಂದೊಂದು ರೀತಿ ಇದ್ದುದರಿಂದ ಒಂದನ್ನು ಕಲಿತವನು ಇನ್ನೊಂದರ ಮುಂದೆ ಅನಕ್ಷರಸ್ಥನಾಗುತ್ತಿದ್ದ. ಅಂತರರಾಷ್ಟ್ರೀಯ ವಿದ್ಯುತ್‌ತಂತ್ರ ಆಯೋಗವು 1993ರಲ್ಲಿ ಈ ಭಾಷೆಗಳಿಗೆ ಒಂದು ಮಾನಕವನ್ನು ಪ್ರಕಟಿಸಿ, ಆನ್–ಡಿಲೇ, ಆಫ್–ಡಿಲೇ, ಪಲ್ಸ್ ಈ ಮೂರನ್ನೂ ಒಂದೇ ವ್ಯಾಕರಣಕ್ಕೆ ತಂದಿತು.

ಇನ್ನು ಸಣ್ಣ ತಪ್ಪುಗಳು ಕೂಡಿ ದೊಡ್ಡವಾಗುವ ಬಗೆ. 1 ಸೆಕೆಂಡಿನ ಟೈಮರೊಂದನ್ನು ಮುಗಿದೊಡನೆ ಸೊನ್ನೆ ಮಾಡಿ ಮತ್ತೆ ಮತ್ತೆ ಓಡಿಸಿ ಗಡಿಯಾರ ಮಾಡಿದೆವೆನ್ನಿ. ಸ್ಕ್ಯಾನಿಗೆ 20 ಮಿಲಿಸೆಕೆಂಡಾದರೆ, ಮುಗಿದುದನ್ನು ಯಂತ್ರ ಗಮನಿಸುವಾಗ ಸರಾಸರಿ 10 ಮಿಲಿಸೆಕೆಂಡು ತಡವಾಗಿರುತ್ತದೆ. ಒಂದು ದಿನದಲ್ಲಿ ಆ ಗಡಿಯಾರ ಸುಮಾರು 14 ನಿಮಿಷ ಹಿಂದೆ ಬೀಳುತ್ತದೆ. ಕಾಲದ ಎಣಿಕೆಯ ಇಂಥ ಚಿಲ್ಲರೆ ತಪ್ಪು ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಜಗತ್ತು ಯುದ್ಧಭೂಮಿಯಲ್ಲಿ ಕಂಡಿತು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ಧಹ್ರಾನಿನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯು ಕಾಲವನ್ನು ಸೆಕೆಂಡಿನ ಹತ್ತನೆಯ ಪಾಲಿನಲ್ಲಿ ಎಣಿಸುತ್ತಿತ್ತು. ಆ ಹತ್ತನೆಯ ಪಾಲನ್ನು ಕಂಪ್ಯೂಟರಿನ ಎರಡರ ಲೆಕ್ಕದಲ್ಲಿ ಪೂರ್ತಿಯಾಗಿ ಬರೆಯಲು ಬಾರದು. ಒಂದು ಕೂದಲೆಳೆ ಉಳಿದುಹೋಗುತ್ತದೆ. ನೂರು ತಾಸು ಸತತವಾಗಿ ನಡೆದ ಮೇಲೆ ಆ ಎಳೆಗಳೆಲ್ಲ ಕೂಡಿ ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟಾಗಿದ್ದವು. ಬಂದ ಕ್ಷಿಪಣಿಯನ್ನು ತಡೆಯಲಾಗಲಿಲ್ಲ. 28 ಮಂದಿ ಸೈನಿಕರು ಸತ್ತರು.

ಅಷ್ಟು ದೂರದ ಮಾತೇಕೆ, ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಹೇಳಿ ಮುಗಿಸುತ್ತೇನೆ. 1996ರ ಮಾತು. ನಗರದ ಹೊರಗಿನ ಒಂದು ಕಾರಖಾನೆಯಲ್ಲಿ ಬಣ್ಣ ಒಣಗಿಸುವ ಗ್ಯಾಸಿನ ಓವನ್ನು ಇತ್ತು. ಅದರ ಹಳೆಯ ರಿಲೇ ಪ್ಯಾನೆಲನ್ನು ತೆಗೆದು ಪಿ.ಎಲ್.ಸಿ. ಕೂಡಿಸುವ ಕೆಲಸ ನನಗೆ ಬಂದಿತ್ತು. ಗ್ಯಾಸಿನ ಬರ್ನರನ್ನು ಹೊತ್ತಿಸುವ ಮುನ್ನ ಫ್ಯಾನು ಹಾಕಿ ಒಳಗೆ ಉಳಿದಿರಬಹುದಾದ ಗ್ಯಾಸನ್ನು ಹೊರಗೆ ಹಾಕಬೇಕು, ಆಮೇಲೆಯೇ ಕಿಡಿ. ಹಳೆಯ ಪ್ಯಾನೆಲಿನಲ್ಲಿ ಅದಕ್ಕೆ ಗಾಳಿಯ ಟೈಮರು ಇತ್ತು. ಅದರ ಮುಳ್ಳು 30 ಸೆಕೆಂಡಿನ ಮೇಲೆ ನಿಂತಿತ್ತು. ನಾನು ಹೊಸ ಪ್ರೋಗ್ರಾಮಿನಲ್ಲಿ ಆನ್–ಡಿಲೇ ಟೈಮರನ್ನು ಬರೆದು 30 ಸೆಕೆಂಡೆಂದು ತುಂಬಿದೆ. ಕೆಲಸ ಮುಗಿಯಿತು, ಬಿಲ್ಲೂ ಆಯಿತು.

ಮೂರನೆಯ ವಾರದಲ್ಲಿ ಒಂದು ಮುಂಜಾನೆ ಬರ್ನರು ಮೊದಲ ಸಲ ಹೊತ್ತಲಿಲ್ಲ. ಎರಡನೆಯ ಸಲ ಗುಂಡಿ ಒತ್ತಿದರು. ಫ್ಯಾನು ತಿರುಗಿತು, 30 ಸೆಕೆಂಡು ಕಳೆಯಿತು, ಕಿಡಿ ಬಿದ್ದಿತು. ಒಳಗೆ ಧಡ್ ಎಂದು ಸದ್ದಾಗಿ ಓವನ್ನಿನ ಬಾಗಿಲು ಹಾರಿಕೊಂಡಿತು. ದೈವವಶಾತ್ ಬಾಗಿಲಿನೆದುರು ಯಾರೂ ಇರಲಿಲ್ಲ. ಓವನ್ನಿನ ಮೇಲೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದವರು ವಿಜಾಪುರದ ಕಡೆಯ ಒಬ್ಬ ಹಿರಿಯರು. ನಾನು ಓಡಿಹೋದಾಗ ಅವರು ಗೋಡೆಗೆ ಒರಗಿ ಕುಳಿತಿದ್ದರು. ಎದೆ ಇನ್ನೂ ಬಡಿದುಕೊಳ್ಳುತ್ತಿತ್ತು.

“ಹಳೇ ಡಬ್ಬಿ ಇದ್ದಾಗ ನಾ ತಂಬಾಕು ತಿಕ್ಕಿ ಬಾಯಾಗ ಹಾಕ್ಕೊಳ್ಳೂತನಕ ಉರಿ ಹತ್ತತಿದ್ದಿಲ್ಲರಿ ಸಾಹೇಬ್ರ. ಈ ಹೊಸಾದು ಭಾಳ ಅವಸರ ಮಾಡತೈತ್ರಿ” ಎಂದರು.

“ಇದನ್ನ ಮೊದಲೇ ಯಾಕ ಹೇಳಲಿಲ್ಲ ಕಾಕಾ?” ಎಂದೆ.

“ನೀವು ಕೇಳಲೇ ಇಲ್ಲಲ್ರಿ” ಎಂದರು.

ಗುಜರಿ ಸಾಮಾನಿನಲ್ಲಿ ಬಿದ್ದಿದ್ದ ಹಳೆಯ ಟೈಮರನ್ನು ಹುಡುಕಿ ತಂದು ಮೇಜಿನ ಮೇಲಿಟ್ಟು ಕರೆಂಟು ಕೊಟ್ಟು, ಕೈಯಲ್ಲಿದ್ದ ಎಚ್.ಎಂ.ಟಿ. ಗಡಿಯಾರ ಹಿಡಿದು ಎಣಿಸಿದೆ. ಮುಳ್ಳು 30ರ ಮೇಲೆಯೇ ಇತ್ತು. ಮೊದಲ ಸಲ 52 ಸೆಕೆಂಡು. ಎರಡನೆಯ ಸಲ 50. ಮೂರನೆಯ ಸಲ 53. ಬಿಚ್ಚಿ ನೋಡಿದರೆ ಗಾಳಿಯ ರಂಧ್ರದಲ್ಲಿ ಬಣ್ಣದ ಧೂಳೂ ಎಣ್ಣೆಯೂ ಮೆತ್ತಿಕೊಂಡಿದ್ದವು. ಆಮೇಲೆ ಮೊದಲೇ ಮಾಡಬೇಕಾಗಿದ್ದ ಲೆಕ್ಕವನ್ನು ಮಾಡಿದೆ. ಕಿಡಿ ಹಾಕುವ ಮುನ್ನ ಓವನ್ನಿನ ಒಳಗಿನ ಜಾಗದ ನಾಲ್ಕು ಪಟ್ಟು ಹೊಸ ಗಾಳಿ ಹರಿದಿರಬೇಕೆಂಬುದು ಓವನ್ನುಗಳ ಸುರಕ್ಷತೆಗಾಗಿ ಅಮೆರಿಕದವರು ಮಾಡಿಕೊಂಡ ನಿಯಮ. ನಮ್ಮ ಓವನ್ನಿನ ಒಳಗು ಸುಮಾರು 12 ಘನ ಮೀಟರು. ಫ್ಯಾನು ಸೆಕೆಂಡಿಗೆ ಸುಮಾರು 1 ಘನ ಮೀಟರು ಗಾಳಿ ಕೊಡುತ್ತಿತ್ತು. ಎಂದ ಮೇಲೆ ಬೇಕಾದದ್ದು 48 ಸೆಕೆಂಡು. ಮುಳ್ಳನ್ನು 30ರ ಮೇಲಿಟ್ಟವರು ಯಾರೋ, ಏಕೆ ಇಟ್ಟರೋ, ಹೇಳುವವರಿರಲಿಲ್ಲ. ಅವರ ತಪ್ಪನ್ನು ಇಷ್ಟು ವರ್ಷ ಮುಚ್ಚಿಕೊಂಡು ಜನರನ್ನು ಕಾಪಾಡಿದ್ದು ಆ ರಂಧ್ರದ ಧೂಳು. ನನ್ನ ನಿಖರವಾದ ಹೊಸ ಟೈಮರು ಧೂಳನ್ನು ಕಳೆದು ತಪ್ಪನ್ನು ಮಾತ್ರ ಉಳಿಸಿಕೊಂಡಿತು.

ಕಾಲವನ್ನು 60 ಸೆಕೆಂಡಿಗೆ ಏರಿಸಿದೆವು. ಆದರೆ ಅಷ್ಟರಿಂದಲೇ ಸಮಾಧಾನವಾಗಲಿಲ್ಲ. ಟೈಮರು ಎಣಿಸುತ್ತಿದ್ದುದು ಫ್ಯಾನಿಗೆ ಕರೆಂಟು ಹೋದ ಕ್ಷಣದಿಂದ. ಫ್ಯಾನಿನ ಪಟ್ಟಾ ಕಡಿದಿದ್ದರೆ ಮೋಟಾರು ಮಾತ್ರ ತಿರುಗಿ, ಗಾಳಿಯೇ ಇಲ್ಲದೆ 60 ಸೆಕೆಂಡು ಕಳೆದುಹೋಗುತ್ತಿತ್ತು. ಆದ್ದರಿಂದ ಗಾಳಿಯ ಒತ್ತಡವನ್ನು ಅರಿಯುವ ಸ್ವಿಚ್ಚೊಂದನ್ನು ಕೂಡಿಸಿ, ಗಾಳಿ ಹರಿಯುತ್ತಿದೆಯೆಂಬ ಸಾಕ್ಷಿ ಇರುವವರೆಗೆ ಮಾತ್ರ ಎಣಿಸುವಂತೆ ಬರೆದೆವು. ನಡುವೆ ಗಾಳಿ ನಿಂತರೆ ಎಣಿಕೆ ಸೊನ್ನೆಗೆ ಮರಳಬೇಕು. ಇಲ್ಲಿ ನೆನಪಿಡುವ ಟೈಮರನ್ನು ಬರೆದಿದ್ದರೆ, ಹತ್ತು ಸೆಕೆಂಡು ಈಗ, ಇಪ್ಪತ್ತು ಸೆಕೆಂಡು ಆಮೇಲೆ ಎಂದು ತುಂಡುತುಂಡಾಗಿ ಕೂಡಿಸಿ, ನಡುವೆ ಗ್ಯಾಸು ಮತ್ತೆ ತುಂಬಿದ್ದರೂ ಕಾಲ ಆಯಿತೆಂದು ಹೇಳಿಬಿಡುತ್ತಿತ್ತು. ಮುಂದೆ ಆ ಕಾರಖಾನೆಯವರು ಬರ್ನರಿಗಾಗಿಯೇ ಮಾಡಿದ ಬೇರೆ ಸುರಕ್ಷತಾ ಕಂಟ್ರೋಲರನ್ನು ತರಿಸಿದರು. ಇಂಥ ಕೆಲಸವನ್ನು ಸಾಮಾನ್ಯ ಪಿ.ಎಲ್.ಸಿ.ಯೊಂದರ ಮೇಲೆಯೇ ಬಿಡಬಾರದೆಂಬುದು ಸರಿಯಾದ ಪದ್ಧತಿ. ಆದರೆ ಅಲ್ಲಿಯೂ ಕಾಲವೆಷ್ಟೆಂಬುದನ್ನು ಮನುಷ್ಯನೇ ಲೆಕ್ಕ ಹಾಕಿ ಗೊತ್ತುಮಾಡಬೇಕು.

ಆ ದಿನದಿಂದ ಎರಡು ನಿಯಮಗಳನ್ನು ಇಟ್ಟುಕೊಂಡೆ. ಹಳೆಯ ಯಂತ್ರವನ್ನು ಬಿಚ್ಚುವ ಮುನ್ನ ಅದರ ಮುಂದೆ ನಿಂತು ಕೆಲಸ ಮಾಡಿದವರನ್ನು, ಅವರ ಮಾತಿನಲ್ಲಿಯೇ, ಕೇಳಿಕೊಳ್ಳುವುದು ಒಂದು. ಟೈಮರಿನಲ್ಲಿ ಒಂದು ಸಂಖ್ಯೆಯನ್ನು ತುಂಬಿದರೆ ಅದರ ಪಕ್ಕದಲ್ಲಿಯೇ ಅದು ಏಕೆ ಅಷ್ಟಿದೆಯೆಂಬ ಕಾರಣವನ್ನು ಬರೆಯುವುದು ಇನ್ನೊಂದು. ಏಣಿಯ ಪ್ರತಿ ಮೆಟ್ಟಿಲಿನ ಮೇಲೂ ಟಿಪ್ಪಣಿ ಬರೆಯಲು ಜಾಗವಿರುತ್ತದೆ. ಎಷ್ಟೋ ಕಾರಖಾನೆಗಳಲ್ಲಿ ನಾನು ಆ ಜಾಗವನ್ನು ಖಾಲಿಯಾಗಿಯೇ ಕಂಡಿದ್ದೇನೆ.

ಈ ಊರಿನ ಕಾರಖಾನೆಗಳಲ್ಲಿ ವಿಜಾಪುರದಿಂದ, ಕಲಬುರಗಿಯಿಂದ, ಬೆಳಗಾವಿಯಿಂದ ಬಂದು ದುಡಿದ ನಮ್ಮವರು ಸಾವಿರಾರು ಜನ. ಯಾವ ಯಂತ್ರ ಎಷ್ಟು ಹೊತ್ತು ಕಾಯುತ್ತದೆ, ಯಾವುದು ಅವಸರ ಮಾಡುತ್ತದೆಯೆಂಬುದು ಅವರಿಗೆ ತಿಳಿದಿದೆ. ಆದರೆ ಅದು ಅವರ ಕನ್ನಡದಲ್ಲಿದೆ, ಪ್ಯಾನೆಲಿನ ಕಾಗದಗಳು ಇಂಗ್ಲಿಷಿನಲ್ಲಿವೆ. ಒಬ್ಬೊಬ್ಬರೇ ನಿವೃತ್ತರಾಗಿ ಊರಿಗೆ ಹೋಗುವಾಗ ಆ ತಿಳಿವಳಿಕೆಯೂ ಅವರ ಟ್ರಂಕಿನೊಡನೆ ರೈಲು ಹತ್ತುತ್ತದೆ. ನಮ್ಮ ಸಂಘದಲ್ಲಿ ಇಂಜಿನಿಯರುಗಳೂ ಇದ್ದೇವೆ, ಕೆಲಸಗಾರರೂ ಇದ್ದಾರೆ; ಗಣೇಶೋತ್ಸವಕ್ಕೂ ರಾಜ್ಯೋತ್ಸವಕ್ಕೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತೇವೆ. ಆ ಪಂಕ್ತಿಯಲ್ಲಿ ಕುಳಿತಾಗ ಪಕ್ಕದವರನ್ನು ಒಂದು ಮಾತು ಕೇಳಿ, ಕೇಳಿದ್ದನ್ನು ಬರೆದಿಟ್ಟರೆ ಕನ್ನಡಕ್ಕೂ ಲಾಭ, ಯಾರದೋ ಪ್ರಾಣಕ್ಕೂ ಲಾಭ.

ಗಳಿಗೆ ಬಟ್ಟಲು ಮುಳುಗುತ್ತಿದ್ದುದು ನೀರಿನ ಭಾರಕ್ಕೆ. ಮುಹೂರ್ತವಾಯಿತೆಂದು ಹೇಳುತ್ತಿದ್ದವನು ಪಕ್ಕದಲ್ಲಿ ಎಚ್ಚರವಾಗಿ ಕುಳಿತಿದ್ದ ಮನುಷ್ಯ. ಬಟ್ಟಲು ಬದಲಾಗಿದೆ, ಪಕ್ಕದ ಮಣೆ ಖಾಲಿಯಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.